ಮೂಡು ದಿಕ್ಕಿನ ತುತ್ತು

ಹೊಸಕಟ್ಟಿನ ಹರಿಹರ ಅಂಬಿಗನಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಊಟ ಮಾಡುವುದನ್ನು ಹೊಸದಾಗಿ ಕಲಿಯುವ ಯೋಗ ಬಂತು. ಕಲಿಯುವುದರಲ್ಲಿ ಅವನೇನೂ ದಡ್ಡನಲ್ಲ. ಆದರೆ ಕಲಿಸುವವಳು ಹೆಂಡತಿಯಾದರೆ ಎಂಥ ಜಾಣನ ತಲೆಯೂ ಕೆಡುತ್ತದೆ.

"ಗದ್ದ ಎದೆಗೆ ತಾಗ್ಲಿ," ಎಂದಳು ತಿಮ್ಮಕ್ಕ. "ಇನ್ನೂ ಬಗ್ಗಿ. ಈಗ ಮೂಡಕ್ಕೆ ತಿರುಗಿ. ಉಸ್ರು ಕಟ್ಟಿ. ಹ್ಞಾಂ, ನುಂಗಿ."

ಹರಿಹರ ಗದ್ದ ಬಗ್ಗಿಸಿದ, ಮೂಡಕ್ಕೆ ತಿರುಗಿದ, ಉಸಿರು ಕಟ್ಟಿದ, ನುಂಗಿದ. ಒಂದು ಗಳಿಗೆ ಎಲ್ಲ ಸುಮ್ಮನಿತ್ತು. ಆಮೇಲೆ ಗಂಟಲಿನ ಬುಡದಲ್ಲಿ ಗಂಜಿಯ ಅಗುಳೊಂದು ದಾರಿ ತಪ್ಪಿತು. ಕೆಮ್ಮು ಕಿತ್ತುಕೊಂಡು ಬಂತು. ಕಣ್ಣಲ್ಲಿ ನೀರು, ಮೂಗಲ್ಲಿ ಗಂಜಿ, ಬಟ್ಟಲು ಮಗುಚಿ ನೆಲವೆಲ್ಲ ಅಂಟು. ತಿಮ್ಮಕ್ಕ ಬೆನ್ನು ತಟ್ಟುತ್ತ ತಟ್ಟುತ್ತ ಬೈಯುವುದನ್ನೂ ಶುರು ಮಾಡಿದಳು.

"ಸರೀ ತಿರುಗ್ಲಿಲ್ಲ ನೀವು."

"ತಿರುಗ್ದೆ," ಎಂದ ಹರಿಹರ. ಸ್ವರ ಬರಲಿಲ್ಲ, ಬರೀ ಗಾಳಿ ಬಂತು.

"ಎಲ್ಲಿ ತಿರುಗಿದ್ದು? ನಾ ನೋಡ್ತಾ ಇದ್ದೆ. ಅರ್ಧ ತಿರುಗಿ ನುಂಗ್ಬಿಟ್ರಿ. ಡಾಕ್ಟ್ರು ಹೇಳಿದ್ ಹಾಂಗೆ ಮಾಡೂಕೆ ನಿಮ್ಗೆ ಎಂತ ದಾಡಿ?"

ಮೊದಲಿನ ಹರಿಹರನಾಗಿದ್ದರೆ ಈ ಮಾತಿಗೆ ಬಟ್ಟಲು ಅಂಗಳಕ್ಕೆ ಹಾರುತ್ತಿತ್ತು. ಅವನ ಕೂಗು ಹೊಳೆಯ ಆಚೆ ದಡದವರಿಗೂ ಕೇಳುತ್ತಿತ್ತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯ ಹತ್ತಿರ ಮೆಲ್ಲಗೆ ಮಾತಾಡಿದ್ದನ್ನು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಈಗ ಕೂಗಲು ಹೋದರೆ ತೂತು ಬಿದ್ದ ಸೈಕಲ್ ಟ್ಯೂಬಿನ ಸದ್ದು. ಅವನು ನೆಲ ಒರೆಸುವ ಬಟ್ಟೆಯನ್ನು ಅವಳ ಕಡೆ ನೂಕಿ, ಎದ್ದು ಹೋಗಿ, ಜಗಲಿಯ ಈ ತುದಿಯಿಂದ ಆ ತುದಿಗೆ ತಿರುಗತೊಡಗಿದ. ಇಡೀ ದಿನ ಇದೇ ಆಗಿತ್ತು ಅವನ ಕೆಲಸ.

ಆಷಾಢದಲ್ಲಿ ಅವನ ಕುತ್ತಿಗೆಯ ಗಂಟನ್ನು ದೂರದ ದೊಡ್ಡ ಆಸ್ಪತ್ರೆಯಲ್ಲಿ ತೆಗೆದಿದ್ದರು. ಗಂಟು ಕೆಟ್ಟದ್ದೇ ಆಗಿತ್ತು, ಪೂರ್ತಿ ಹೋಯಿತು, ಜೀವ ಉಳಿಯಿತು. ಆದರೆ ಅದು ಒಂದು ನರವನ್ನು ಸುತ್ತಿಕೊಂಡೇ ಬೆಳೆದಿತ್ತು. ಗಂಟನ್ನು ಬಿಡಿಸುವಾಗ ನರ ಸೋತಿತು. ಹೀಗಾಗಬಹುದು ಎಂದು ಅವರು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರಿಂದ ಯಾರನ್ನೂ ಬೈಯುವ ಹಾಗಿರಲಿಲ್ಲ. ಮನೆಗೆ ಬಂದ ಹದಿನೈದನೇ ದಿನ ಎದೆಯಲ್ಲಿ ನ್ಯುಮೋನಿಯಾ ಕಟ್ಟಿತು. ಅದಕ್ಕೆ ಸೂಜಿ, ಮಾತ್ರೆ, ಒಂದು ವಾರದ ಮಂಚ. ಚೌತಿ ಕಳೆದ ಮೇಲೆ ಕುಮಟೆಯ ಗಂಟಲ ಡಾಕ್ಟರ ಹತ್ತಿರ ಹೋಗಿ ಎಂದು ದೊಡ್ಡ ಆಸ್ಪತ್ರೆಯವರೇ ಚೀಟಿ ಬರೆದುಕೊಟ್ಟರು.

ಕುಮಟೆಯ ಡಾಕ್ಟರು ಸಂಪದಾ ಎಂಬವರು, ಹೊನ್ನಾವರದ ಕಡೆ ತೋಟದ ಮನೆಯ ಹೆಣ್ಣುಮಗಳು. ಸಣ್ಣ ಪ್ರಾಯ, ದೊಡ್ಡ ಕನ್ನಡಕ, ಬಾಗಿಲ ಹೊರಗೆ ನಲವತ್ತು ಜನ. ಹರಿಹರನನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಔಷಧ ಸಿಂಪಡಿಸಿ, ಶಾವಿಗೆಗಿಂತ ಒಂಚೂರು ದಪ್ಪದ ಕರಿ ವಯರನ್ನು ಮೂಗಿನೊಳಗೆ ಇಳಿಸಿದರು. ಅವನ ಕಣ್ಣಿಂದ ನೀರು ಧಾರೆಯಾಗಿ ಹರಿಯಿತು. ಎದುರಿನ ಟೀವಿಯಲ್ಲಿ ಅವನ ಗಂಟಲಿನ ಒಳಗು ಕೆಂಪಗೆ ಒದ್ದೆಯಾಗಿ ಕಂಡಿತು.

"ನೋಡಿ, ಇದು ನಿಮ್ಮ ಗಂಟಲಗೂಡು," ಎಂದರು ಡಾಕ್ಟರು. "ಹೊರಗಿಂದ ಗಂಟಲಮಣಿ ಅಂತ ಕೈಗೆ ಸಿಗ್ತದಲ್ಲ, ಅದೇ ಇದರ ಮುಂದಿನ ಗೋಡೆ. ಅದರ ಕೆಳಗೆ ಉಂಗುರದ ಹಾಗೆ ಒಂದು ಮೆತ್ತನೆ ಎಲುಬು. ಈ ಮೇಲೆ ಎಲೆ ಹಾಗೆ ಕಾಣ್ತದಲ್ಲ, ಅದು ಮುಚ್ಚಳ. ಒಳಗೆ ಎರಡು ಬಿಳಿ ಪಟ್ಟಿ. ಈಗ 'ಈ' ಅನ್ನಿ."

ಹರಿಹರ 'ಈ' ಎಂದ. ಬಿಳಿ ಪಟ್ಟಿಗಳಲ್ಲಿ ಒಂದು ಓಡಿ ನಡುವಿಗೆ ಬಂತು. ಇನ್ನೊಂದು ಕೂತಲ್ಲಿಂದ ಏಳಲಿಲ್ಲ. ನಡುವೆ ಸಂದು ಹಾಗೇ ತೆರೆದು ನಿಂತಿತು.

"ಎಡದ್ದು ಮಲಗಿದೆ," ಎಂದರು ಡಾಕ್ಟರು. "ಇದಕ್ಕೆ ಬರೋ ನರ ತಲೆಯಿಂದ ಸೀದಾ ಇಲ್ಲಿಗೆ ಬರೂದಿಲ್ಲ. ಗಂಟಲು ದಾಟಿ ಎದೆಗೆ ಇಳಿದು, ಹೃದಯದ ದೊಡ್ಡ ರಕ್ತನಾಳಕ್ಕೆ ಒಂದು ಸುತ್ತು ಹಾಕಿ, ವಾಪಸ್ಸು ಮೇಲೆ ಹತ್ತಿ ಬರ್ತದೆ."

ಕುಮಟೆಯಿಂದ ಹೊನ್ನಾವರಕ್ಕೆ ಹೋಗುವವನು ಗೋಕರ್ಣ ಸುತ್ತಿ ಹೋದ ಹಾಗೆ, ಎಂದುಕೊಂಡ ಹರಿಹರ. ದೇವರು ಈ ಕೆಲಸವನ್ನು ಯಾವ ಕಂಟ್ರಾಕ್ಟರಿಗೆ ಕೊಟ್ಟಿದ್ದನೋ.

"ಸ್ವರ ಬತ್ತದಾ ಡಾಕ್ಟ್ರೆ?" ಎಂದು ಗೋಡೆಗೆ ಒರಗಿ ನಿಂತಿದ್ದ ತಿಮ್ಮಕ್ಕ ಕೇಳಿದಳು.

"ಸ್ವರದ್ದು ಆಮೇಲೆ ನೋಡುವ. ಮಾತಾಡೋದು ಇದರ ಸೈಡ್ ಬಿಸಿನೆಸ್ಸು. ಇದರ ಅಸಲು ಕೆಲಸ ಕಾವಲು. ಅನ್ನ ಹೋಗೋ ದಾರಿ, ಗಾಳಿ ಹೋಗೋ ದಾರಿ ಎರಡೂ ಇಲ್ಲಿ ಕೂಡ್ತವೆ. ನಾವು ನುಂಗುವಾಗ ಈ ಇಡೀ ಗೂಡು ಮೇಲೆ ಏಳ್ತದೆ, ಮುಚ್ಚಳ ಬೀಳ್ತದೆ, ಎರಡೂ ಪಟ್ಟಿ ಗಟ್ಟಿ ಸೇರಿ ಗಾಳಿದಾರಿ ಬಂದ್ ಮಾಡ್ತವೆ. ಅನ್ನ ಹಿಂದಿನಿಂದ ಜಾರಿ ಹೋಗ್ತದೆ. ಭಾರ ಎತ್ತುವಾಗಲೂ ಇವು ಹೀಗೇ ಸೇರಿ ಎದೆಯ ಗಾಳಿ ಹಿಡಿದಿಡ್ತವೆ. ನಿಮಗೆ ಒಂದೇ ಪಟ್ಟಿ. ಸಂದಿಯಲ್ಲಿ ಅನ್ನ, ನೀರು ಶ್ವಾಸಕೋಶಕ್ಕೆ ಇಳೀತಾ ಇದೆ."

ಹರಿಹರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಅವನು ಮೂವತ್ತು ವರ್ಷ ಮಾಡಿದ್ದೇ ಈ ಕೆಲಸ. ಅಘನಾಶಿನಿ ಹೊಳೆಯ ದಂಡೆಯಲ್ಲಿ, ಹೊಸಕಟ್ಟಿನ ಗಜನಿ ಎಂಬ ಉಪ್ಪುನೆಲದ ಗದ್ದೆಗಳಿಗೂ ಹೊಳೆಗೂ ನಡುವೆ ಉದ್ದಕ್ಕೆ ಮಣ್ಣಿನ ಕಟ್ಟು. ಆ ಕಟ್ಟಿನ ನಡುವೆ ನೀರಿಗೊಂದು ಬಾಗಿಲು. ಅದಕ್ಕೆ ಜಂತ್ರಡಿ ಎನ್ನುತ್ತಾರೆ. ಕಡಲು ಏರಿ ಹೊಳೆಯಲ್ಲಿ ಉಪ್ಪುನೀರು ಬಂದಾಗ ಜಂತ್ರಡಿಯ ಹಲಗೆ ಇಳಿಸಬೇಕು, ಇಳಿತವಾದಾಗ ಹಲಗೆ ಎತ್ತಿ ಗದ್ದೆಯ ನೀರು ಹೊರಗೆ ಬಿಡಬೇಕು. ಒಂದು ಹಲಗೆ ಸರಿ ಕೂರದಿದ್ದರೆ ಉಪ್ಪು ತಾಳುವ ಊರಿನ ಕಗ್ಗ ಭತ್ತವೂ ಮಿತಿ ಮೀರಿ ಉಪ್ಪು ಕುಡಿಯುತ್ತದೆ. ದಿನಕ್ಕೆ ಎರಡು ಸಲ ಭರತಿ ಏರಿದರೂ ಹರಿಹರನ ಹಲಗೆ ತಪ್ಪಿದ್ದಿಲ್ಲ. ಆಪರೇಷನ್ ಆಗಿ ಬಂದ ಮೇಲೆ ಒಮ್ಮೆ ಹಲಗೆ ಎತ್ತಲು ಹೋಗಿ, ಎದೆಯಲ್ಲಿ ಗಾಳಿ ನಿಲ್ಲದೆ, ಹಲಗೆ ಮೊಣಕಾಲಿನವರೆಗೂ ಬರದೆ ವಾಪಸ್ಸು ಬಿದ್ದಿತ್ತು. ತೋಳಿನಲ್ಲಿ ಶಕ್ತಿ ಇತ್ತು. ಗಂಟಲಲ್ಲಿ ಇರಲಿಲ್ಲ. ಭಾರವನ್ನು ಗಂಟಲಿನಿಂದ ಎತ್ತುತ್ತಾರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ಹಲಗೆಯ ಕೆಲಸ ಅವನ ಅಣ್ಣನ ಮಗ ರಾಜೇಶನಿಗೆ ಹೋಯಿತು. ರಾಜೇಶ ಮೊಬೈಲು ನೋಡಿ ಭರತಿಯ ಹೊತ್ತು ಹೇಳುವವನು, ಹೊಳೆ ನೋಡುವವನಲ್ಲ. ಹರಿಹರನಿಗೆ ಇದಕ್ಕಿಂತ ಬೇರೆ ಅವಮಾನ ಬೇಕಿರಲಿಲ್ಲ.

ಡಾಕ್ಟರು ವಯರು ತೆಗೆದರು. ಆಮೇಲೆ ತಮ್ಮ ಕೈಯಿಂದಲೇ ಅವನ ಗದ್ದ ಹಿಡಿದು ಬಗ್ಗಿಸಿ, ಒಂದು ಕಡೆಗೆ ತಿರುಗಿಸಿದರು. "ಪ್ರತಿ ತುತ್ತಿಗೂ ಹೀಗೆ. ಗದ್ದ ಕೆಳಗೆ, ಮುಖ ಎಡಕ್ಕೆ, ಉಸಿರು ಕಟ್ಟಿ ನುಂಗೋದು. ಕೆಟ್ಟ ಬದಿಗೆ ತಿರುಗಿದ್ರೆ ಆ ಬದಿ ಮಡಚಿ ಮುಚ್ತದೆ, ಅನ್ನ ಒಳ್ಳೇ ಬದಿಯಿಂದ ಇಳೀತದೆ. ನೀರು ತೆಳ್ಳಗೆ ಬೇಡ, ಗಂಜಿ ದಪ್ಪ ಇರಲಿ. ಅಮಾಸೆ ಕಳೆದ ಸೋಮವಾರ ಬನ್ನಿ. ಆಗಲೂ ಜ್ವರ ಬರ್ತಾ ಇದ್ರೆ ಬಾಯಿಂದ ಊಟ ಬಂದ್. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕಾಗ್ತದೆ."

ಹರಿಹರನ ಕಣ್ಣಲ್ಲಿ ನೀರು, ಗಂಟಲು ಮರಗಟ್ಟಿ ಹೋಗಿತ್ತು, ಕಿವಿಗೆ ಬಿದ್ದದ್ದು ನಳಿಗೆ ಎಂಬ ಶಬ್ದ ಒಂದೇ. ಅವನ ಅಣ್ಣ ಹೋಗುವ ಮೊದಲು ಎರಡು ತಿಂಗಳು ಮೂಗಲ್ಲಿ ಅಂಥದೇ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ. ಎದುರು ಯಾರಾದರೂ ಉಂಡರೆ ಅಣ್ಣ ಗೋಡೆಯ ಕಡೆ ಮುಖ ಮಾಡುತ್ತಿದ್ದ. ಅದನ್ನು ನೋಡಿದ ಮೇಲೆ ಹರಿಹರ ದೇವರಲ್ಲಿ ಕೇಳಿಕೊಂಡದ್ದು ಇಷ್ಟೇ, ಸಾಯುವ ದಿನವೂ ಒಂದು ತುತ್ತು ಬಾಯಿಂದ ಇಳಿಯಲಿ ಎಂದು.

ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಕೆಲಸ ತಿಮ್ಮಕ್ಕನದಾಯಿತು. ಬಸ್ಸಿನಲ್ಲಿ ಕೂತು ಬೆರಳು ಮಡಚಿ ಮಡಚಿ ಹೇಳಿದಳು. "ಗದ್ದ ಕೆಳಗೆ ಒಂದು. ಮೂಡಕ್ಕೆ ತಿರುಗೂದು ಎರಡು. ಉಸ್ರು ಕಟ್ಟೂದು ಮೂರು. ಗಂಜಿ ದಪ್ಪ, ನಾಕು." ಆ ಮನೆಯಲ್ಲಿ ಎಲ್ಲಕ್ಕೂ ದಿಕ್ಕಿನ ಲೆಕ್ಕ. ಉಪ್ಪಿನ ಭರಣಿ ಒಲೆಯ ಬಡಗ ಬದಿಗೆ, ಕತ್ತಿ ಬಾಗಿಲ ಪಡು ಬದಿಗೆ. ತಿಮ್ಮಕ್ಕನಿಗೆ ಹಲ್ಲುನೋವು ಬಂದಾಗಲೂ ಅವಳು "ತೆಂಕ ಬದಿ ದವಡೆ" ಎಂದು ಹೇಳಿ ಡಾಕ್ಟರ ತಲೆ ಕೆಡಿಸಿದ್ದಳು. ಮೂಡಕ್ಕೆ ಎಂದಾಗ ಹರಿಹರನೂ ತಲೆಯಾಡಿಸಿದ. ಸೂರ್ಯ ಹುಟ್ಟುವ ಕಡೆ ತಿರುಗಿ ನುಂಗುವುದು ಅವನಿಗೆ ಶುಭವೆಂದೇ ಅನಿಸಿತು.

ಅದಾಗಿ ಹತ್ತೊಂಬತ್ತು ದಿನ. ಹರಿಹರ ಮೂವತ್ತು ವರ್ಷದಿಂದ ಕೂರುವ ಮಣೆಯ ಮೇಲೆಯೇ ಕೂತ. ಆ ಮಣೆಯ ಎದುರಿಗೆ ಬಡಗ ಬಾಗಿಲು. ಬಾಗಿಲಲ್ಲಿ ಕಟ್ಟು, ಜಂತ್ರಡಿ, ಅದರಾಚೆ ಹೊಳೆ. ಉಣ್ಣುತ್ತ ಉಣ್ಣುತ್ತ ನೀರು ಏರಿತೋ ಇಳಿಯಿತೋ ನೋಡುವುದು ಅವನ ಅಭ್ಯಾಸ. ಆ ನೋಟಕ್ಕೆ ಅಡ್ಡ ಬಾರದ ಹಾಗೆ ತಿಮ್ಮಕ್ಕ ಯಾವಾಗಲೂ ಒಂದು ಮೂಲೆಗೆ ಸರಿದು ಕೂರುತ್ತಿದ್ದಳು. ಅಲ್ಲಿ ಕೂತು ಅವನು ಪ್ರತಿ ತುತ್ತಿಗೂ ಮೂಡಕ್ಕೆ ತಿರುಗಿದ. ಪ್ರತಿ ನಾಲ್ಕನೇ ತುತ್ತಿಗೂ ಕೆಮ್ಮಿದ. ಮೂರು ದಿನಕ್ಕೊಮ್ಮೆ ಸಂಜೆ ಮೈ ಬಿಸಿಯಾಯಿತು. ಲುಂಗಿ ಸೊಂಟದಲ್ಲಿ ನಿಲ್ಲದಾಯಿತು. ಹಸಿವೆಯಾದರೆ ಹೆದರಿಕೆ, ಊಟ ಮುಂದೆ ಬಂದರೆ ಇನ್ನೂ ಹೆದರಿಕೆ. ಕೂತರೆ ಏಳಬೇಕು, ಎದ್ದರೆ ಹೊರಡಬೇಕು, ಹೊರಟರೆ ಎಲ್ಲಿಗೆ ಎಂದು ಗೊತ್ತಿಲ್ಲ. ಸೋಮವಾರಕ್ಕೆ ಎಷ್ಟು ದಿನ ಎಂದು ಗೋಡೆಯ ಕ್ಯಾಲೆಂಡರನ್ನು ದಿನಕ್ಕೆ ಹತ್ತು ಸಲ ನೋಡುವುದು, ನೋಡಿದ್ದಕ್ಕೆ ಸಿಟ್ಟಾಗುವುದು.

ತಿಮ್ಮಕ್ಕನದು ಅದಕ್ಕಿಂತ ಬೇರೆ ಅವಸ್ಥೆ. ಅವನು ನುಂಗುವಾಗ ಅವಳೂ ನುಂಗುತ್ತಿದ್ದಳು, ಬಾಯಲ್ಲಿ ಏನೂ ಇಲ್ಲದೆ. ಕೆಮ್ಮು ಬರುವ ಮೊದಲೇ ಅವಳ ಕೈ ಅವನ ಬೆನ್ನಿನ ಕಡೆ ಹೊರಟಿರುತ್ತಿತ್ತು. ಹೆದರಿಕೆ ಹೆಚ್ಚಿದಷ್ಟೂ ಅವಳ ಬೈಗುಳ ಹೆಚ್ಚಿತು. ಬೇಕೆಂದೇ ಅರ್ಧ ತಿರುಗುತ್ತೀರಿ, ನನ್ನ ಮಾತು ಕೇಳಬಾರದೆಂದು ಹಠ, ಮೂಗಲ್ಲಿ ನಳಿಗೆ ಬಿದ್ದಾಗ ಗೊತ್ತಾಗುತ್ತದೆ. ಹರಿಹರ ಕುತ್ತಿಗೆ ನೋಯುವಷ್ಟು ತಿರುಗಿದ. ಅದರಿಂದ ಕೆಮ್ಮು ಇನ್ನೂ ಜೋರಾಯಿತು.

ಪಿತೃಪಕ್ಷದ ಆ ಮಂಗಳವಾರ ಬಟ್ಟಲು ಮಗುಚಿದ ಮೇಲೆ ಅವನಿಗೆ ಸಾಕಾಯಿತು. ಮಧ್ಯಾಹ್ನ ಗಂಜಿಯನ್ನು ಡಬ್ಬಿಗೆ ಹಾಕಿಕೊಂಡು, ತಿಮ್ಮಕ್ಕ ಹಿತ್ತಲಲ್ಲಿದ್ದಾಗ, ಕಟ್ಟಿನ ಕಡೆ ನಡೆದುಬಿಟ್ಟ. ಕೆಮ್ಮಿ ಸಾಯುವುದಾದರೆ ಬೈಯುವವರು ಇಲ್ಲದ ಕಡೆ ಸಾಯುವಾ ಎಂದು.

ಭರತಿ ಏರುತ್ತಿತ್ತು. ರಾಜೇಶ ಹಲಗೆ ಇಳಿಸಿ ಹೋಗಿದ್ದ. ಹೊರಗಿಂದ ನೋಡಿದರೆ ಸರಿಯಾಗಿಯೇ ಕೂತಿತ್ತು. ಆದರೆ ಹಲಗೆ ಸರಿಯೋ ಅಲ್ಲವೋ ಎಂದು ಹೊಳೆ ಬದಿಯಿಂದ ಗೊತ್ತಾಗುವುದಿಲ್ಲ, ಗದ್ದೆ ಬದಿಯಿಂದ ನೋಡಬೇಕು. ಹರಿಹರ ಹೊಳೆಗೆ ಬೆನ್ನು ಮಾಡಿ ಜಂತ್ರಡಿಯ ಕಲ್ಲಿನ ಮೇಲೆ ಕೂತು, ಹಲಗೆಯ ಸಂದಿಯಲ್ಲಿ ಎಷ್ಟು ಸೋರುತ್ತದೆ ಎಂದು ನೋಡುತ್ತ ಡಬ್ಬಿ ತೆರೆದ. ಗದ್ದ ಬಗ್ಗಿಸಿ, ಮೂಡಕ್ಕೆ ತಿರುಗಿ, ಉಸಿರು ಕಟ್ಟಿ, ನುಂಗಿದ.

ಕೆಮ್ಮು ಬರಲಿಲ್ಲ.

ಇನ್ನೊಂದು ತುತ್ತು. ಬರಲಿಲ್ಲ. ಐದು, ಆರು, ಹತ್ತು. ಅವನು ಕೆಮ್ಮಿಗಾಗಿ ಕಾದು ಕಾದು ನುಂಗಿದ. ಡಬ್ಬಿಯ ತಳ ಕಂಡಿತು. ಬೆರಳಿನಿಂದ ಸವರಿ ಅದನ್ನೂ ತಿಂದ. ಎರಡು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬಿತ್ತು. ಯಾರೂ ಇಲ್ಲದ ಆ ಕಟ್ಟಿನ ಮೇಲೆ ಕೂತು ಹರಿಹರ ಅತ್ತುಬಿಟ್ಟ. ಅಳು ಕೂಡ ಬರೀ ಗಾಳಿಯಾಗಿಯೇ ಬಂತು.

ಜಂತ್ರಡಿಯ ಬುಡದಲ್ಲಿ ಕಾವಲಿನ ದೈವ ಜಟಗನ ಕಲ್ಲಿತ್ತು. ಮೂವತ್ತು ವರ್ಷ ಬಾಗಿಲು ಕಾದವನಿಗೆ ಜಟಗ ದಯೆ ತೋರಿಸಿದ, ತನ್ನ ಎದುರು ಕೂತು ಉಂಡರೆ ಗಂಟಲು ಕಾಯುತ್ತಾನೆ, ಎಂದು ಹರಿಹರ ತೀರ್ಮಾನ ಮಾಡಿದ. ರಾತ್ರಿ ಮನೆಯಲ್ಲಿ ಉಂಡಾಗ ಮತ್ತೆ ಕೆಮ್ಮು ಬಂದದ್ದು ಈ ತೀರ್ಮಾನವನ್ನು ಗಟ್ಟಿ ಮಾಡಿತು. ಬುಧವಾರ ಮತ್ತೆ ಡಬ್ಬಿ ಹಿಡಿದು ಹೋದ. ಮತ್ತೆ ತಳ ಕಂಡಿತು.

ಗುರುವಾರ ತಿಮ್ಮಕ್ಕ ಹಿಂದೆಯೇ ಬಂದಳು. ಕಟ್ಟು ಹತ್ತಿದವಳು ಗಂಡ ಕೂತ ದಿಕ್ಕು ನೋಡಿ ನಿಂತಲ್ಲೇ ನಿಂತಳು.

"ಅಯ್ಯೋ ದೇವ್ರೆ! ತೆಂಕಕ್ಕೆ ಮುಖ ಮಾಡಿ ಉಣ್ತ್ರಾ? ಅದೂ ಪಕ್ಷದಲ್ಲಿ? ಸತ್ತವ್ರಿಗೆ ಎಡೆ ಇಡೂ ದಿಕ್ಕು ಅದು!"

"ಕೆಮ್ಮು ಬರೂದಿಲ್ಲ ಇಲ್ಲಿ," ಎಂದ ಹರಿಹರ ಗಾಳಿಯ ಸ್ವರದಲ್ಲಿ. "ಜಟಗ ಇದ್ದಾನೆ."

"ಜಟಗ ಆ ಬದಿಗೂ ಇರ್ತಾನೆ. ಏಳಿ ಮೊದ್ಲು. ಹೊಳೆ ಕಡೆ ಮುಖ ಮಾಡಿ ಕೂತ್ಕಣಿ." ತೋಳು ಹಿಡಿದು ಎಬ್ಬಿಸಿ, ಅದೇ ಕಲ್ಲಿನ ಮೇಲೆ ಬಡಗಕ್ಕೆ ತಿರುಗಿಸಿ ಕೂರಿಸಿದಳು. "ಈಗ ಮೂಡಕ್ಕೆ ತಿರುಗಿ ನುಂಗಿ, ನಾ ನೋಡ್ತೆ."

ಹರಿಹರ ಮೂಡಕ್ಕೆ ತಿರುಗಿ ನುಂಗಿದ. ಕೆಮ್ಮು ಅವನನ್ನು ಕಲ್ಲಿನಿಂದ ಕೆಳಗೆ ಬೀಳಿಸುವಷ್ಟು ಜೋರಾಗಿ ಬಂತು.

ಸಾವರಿಸಿಕೊಂಡ ಮೇಲೆ ಅವನು ಹೆಂಡತಿಯ ಕೈ ಸರಿಸಿ ಮತ್ತೆ ಗದ್ದೆಯ ಕಡೆ ಮುಖ ಮಾಡಿ ಕೂತ. ಮೂಡಕ್ಕೆ ತಿರುಗಿ ನುಂಗಿದ. ಸುಮ್ಮನೆ ಇಳಿಯಿತು. ಮತ್ತೆ ಹೊಳೆಯ ಕಡೆ ತಿರುಗಿ ಒಂದು ಚಿಕ್ಕ ತುತ್ತು. ಕೆಮ್ಮು. ಕಲ್ಲು ಅದೇ, ಜಟಗ ಅವನೇ, ಗಂಜಿಯೂ ಅದೇ. ಹರಿಹರ ತನ್ನ ಎರಡೂ ಕೈ ನೋಡಿಕೊಂಡ. ಹೊಳೆಯ ಕಡೆ ಕೂತರೆ ಮೂಡು ಅವನ ಉಣ್ಣುವ ಕೈಯ ಬದಿಗೆ ಬರುತ್ತಿತ್ತು. ಗದ್ದೆಯ ಕಡೆ ಕೂತರೆ ಡಬ್ಬಿ ಹಿಡಿದ ಕೈಯ ಬದಿಗೆ. ಮನೆಯ ಮಣೆ ಹೊಳೆಯ ಕಡೆಗೆ.

ಆಮೇಲೆ ಕುಮಟೆಯ ಆ ಕುರ್ಚಿ ನೆನಪಿಗೆ ಬಂತು. ಅಲ್ಲಿ ಕಿಟಕಿಯ ಕಡಲಗಾಳಿ ಅವನ ಬಲಗೆನ್ನೆಗೆ ಹೊಡೆಯುತ್ತಿತ್ತು. ಅಂದರೆ ಪಡು ಬಲಕ್ಕೆ, ಮುಖ ತೆಂಕಕ್ಕೆ. ಡಾಕ್ಟರು ಗದ್ದ ಹಿಡಿದು ತಿರುಗಿಸಿದ್ದು ಎಡಕ್ಕೆ. ಎಡ ಎಂಬ ಮಾತನ್ನೂ ಹೇಳಿದ್ದರು, ಈಗ ಕಿವಿಯಲ್ಲಿ ಸ್ಪಷ್ಟ ಕೇಳಿತು. ಆ ಕುರ್ಚಿಯಲ್ಲಿ ಎಡವೇ ಮೂಡು. ತಿಮ್ಮಕ್ಕ ಮೂಡು ಎಂಬುದೊಂದನ್ನೇ ಗಂಟುಕಟ್ಟಿಕೊಂಡು ಬಂದಿದ್ದಳು. ಮನೆಯಲ್ಲಿ ಅವನು ಇಷ್ಟು ದಿನ ತಿರುಗಿದ್ದು ಬಲಕ್ಕೆ. ಒಳ್ಳೆಯ ಬದಿ ಮುಚ್ಚಿ, ಸೋರುವ ಬದಿಗೇ ಅನ್ನ ಸುರಿದುಕೊಂಡಿದ್ದ. ಅದೂ ಅವಳ ಕೈಯಲ್ಲಿ ಬೈಸಿಕೊಳ್ಳುತ್ತ.

ಸಿಟ್ಟು ಕಾಲಿನಿಂದ ಏರಿತು. ಇಪ್ಪತ್ತೊಂದು ದಿನದ ಕೆಮ್ಮು, ಜ್ವರ, ಹಸಿವೆ ಎಲ್ಲ ಸೇರಿ ಎದೆಗೆ ಬಂತು. ಅವನು ಬಾಯಿ ತೆರೆದ. ಆದರೆ ಕೂಗುವುದಕ್ಕೂ ಮೊದಲು ಬಾಗಿಲು ಮುಚ್ಚಬೇಕು, ಒಳಗೆ ಗಾಳಿ ಕಟ್ಟಿ ನಿಲ್ಲಬೇಕು, ಆಮೇಲೆ ಒಮ್ಮೆಲೇ ತೆರೆಯಬೇಕು. ಅವನಲ್ಲಿ ಯಾವುದೂ ನಿಲ್ಲಲಿಲ್ಲ. ಸಿಟ್ಟೆಲ್ಲ ಸಂದಿಯಿಂದ ಸುಯ್ಯೆಂದು ಹೋಯಿತು. ಅಷ್ಟು ಹೊತ್ತು ಸಿಕ್ಕಿದ್ದರಿಂದ ಅವನು ತಿಮ್ಮಕ್ಕನ ಮುಖ ನೋಡಿದ. ಕೂಗುವಾಗ ಯಾವತ್ತೂ ನೋಡಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು, ಕೆನ್ನೆ ಇಳಿದಿತ್ತು. ಅವನ ಹಾಗೆ ಅವಳೂ ಅರ್ಧಕ್ಕೆ ಬಂದಿದ್ದಳು. ಅವನು ಉಣ್ಣದ ಎರಡು ತಿಂಗಳು ಅವಳೂ ಉಂಡಿರಲಿಲ್ಲ, ಅಷ್ಟೇ.

"ಎಂತ ಆತು?" ಎಂದಳು ತಿಮ್ಮಕ್ಕ ಹೆದರಿ. "ಎಂತಕ್ಕೆ ಹಾಂಗೆ ನೋಡ್ತ್ರಿ?"

"ಎಂತ ಇಲ್ಲ," ಎಂದ ಹರಿಹರ. "ಸೋಮವಾರದವರೆಗೆ ಇಲ್ಲೇ ಉಣ್ತೆ. ತೆಂಕಕ್ಕೇ ಕೂತ್ಕಂತೆ. ಕೆಮ್ಮು ಬಂದ್ರೆ ಕೇಳು."

ಭಾನುವಾರ ಮಹಾಲಯ ಅಮಾವಾಸ್ಯೆ. ಊರೆಲ್ಲ ಹಿರಿಯರಿಗೆ ಎಡೆ ಇಡುವ ದಿನವೂ ಅವನು ಆ ಕಲ್ಲಿನ ಮೇಲೆ ತೆಂಕಕ್ಕೆ ಮುಖ ಮಾಡಿ ಉಂಡ. ತಿಮ್ಮಕ್ಕ ಡಬ್ಬಿ ಕೊಟ್ಟು, ಆ ನೋಟ ಕಾಣದ ಹಾಗೆ ಹೊಳೆಯ ಕಡೆ ತಿರುಗಿ ಕೂತಳು. ಕಿವಿ ಮಾತ್ರ ಹಿಂದಕ್ಕೇ ಇತ್ತು. ಕೆಮ್ಮು ಕೇಳಲಿಲ್ಲ. ಅವಳು ಕಣ್ಣು ಒರೆಸಿಕೊಂಡದ್ದು ಹೆದರಿಕೆಗೋ ಸಮಾಧಾನಕ್ಕೋ ಅವಳಿಗೇ ಗೊತ್ತಿರಲಿಲ್ಲ. ನಾಲ್ಕು ದಿನದಿಂದ ಜ್ವರ ಬಂದಿರಲಿಲ್ಲ.

ಸೋಮವಾರ ಡಾಕ್ಟರು ಎದೆಯ ಫೋಟೋ ನೋಡಿದರು, ಹುಬ್ಬು ಗಂಟಿಕ್ಕಿದರು. ಮತ್ತೆ ಮೂಗಿನಲ್ಲಿ ಕರಿ ವಯರು ಇಳಿಯಿತು. ಹಸಿರು ಬಣ್ಣ ಹಾಕಿದ ಗಂಜಿಯನ್ನು ಚಮಚದಲ್ಲಿ ಕೊಟ್ಟು "ಹೇಳಿದ ಹಾಗೆ ನುಂಗಿ" ಎಂದರು. ಕಿಟಕಿಯ ಗಾಳಿ ಬಲಗೆನ್ನೆಗೆ ಬೀಸುತ್ತಿತ್ತು. ಹರಿಹರ ಗದ್ದ ಬಗ್ಗಿಸಿ, ಎಡಕ್ಕೆ ತಿರುಗಿ ನುಂಗಿದ. ಟೀವಿಯಲ್ಲಿ ಎಲ್ಲ ಒಮ್ಮೆ ಮುಚ್ಚಿ ತೆರೆದುಕೊಂಡಿತು. ಹಸಿರು ಒಳ್ಳೆಯ ಬದಿಯಿಂದ ಹಿಂದಕ್ಕೆ ಜಾರಿ ಹೋಗಿತ್ತು. ಬಿಳಿ ಪಟ್ಟಿಗಳ ಮೇಲೆ ಒಂದು ಹನಿಯೂ ಇರಲಿಲ್ಲ.

"ಇಷ್ಟು ಚೆಂದ ನುಂಗ್ತೀರಿ," ಎಂದರು ಡಾಕ್ಟರು ವಯರು ತೆಗೆಯುತ್ತ. "ಮತ್ತೆ ಎದೆಯಲ್ಲಿ ಈ ಕಲೆ ಹೇಗೆ ಬಂತು? ಮೊದಲ ಮೂರು ವಾರ ಜ್ವರ ಯಾಕೆ? ಮನೇಲಿ ಸರಿಯಾಗಿ ಮಾಡಲಿಲ್ವಾ?"

ಗೋಡೆಗೆ ಒರಗಿದ್ದ ತಿಮ್ಮಕ್ಕ ಬಾಯಿ ತೆರೆದಳು. ಅರ್ಧ ತಿರುಗುತ್ತಾರೆ ಎಂದು ಹೇಳುವವಳಿದ್ದಳು.

"ನನ್ದೇ ತಪ್ಪು," ಎಂದ ಹರಿಹರ. ಸ್ವರ ಒಡಕಾಗಿತ್ತು, ಆದರೂ ಕೋಣೆಯ ಮೂಲೆಯವರೆಗೆ ಹೋಯಿತು. "ನೀವು ಎಡಕ್ಕೆ ಅಂದಿದ್ರಿ. ಈ ಕುರ್ಚಿಯಲ್ಲಿ ಎಡ ಅಂದ್ರೆ ಮೂಡು. ನಾ ಮೂಡು ಅಂತ ನೆನಪಿಟ್ಕಂಡೆ. ಮನೇಲಿ ಬಡಗಕ್ಕೆ ಕೂತ್ಕಂಡು ಮೂಡಕ್ಕೆ ತಿರುಗಿದ್ರೆ ಬಲ ಆಗ್ತದೆ. ನಾ ದಿಕ್ಕು ತಪ್ಪಿಸ್ಕಂಡೆ."

ಡಾಕ್ಟರಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರು ನಕ್ಕುಬಿಟ್ಟರು, ನಕ್ಕಿದ್ದಕ್ಕೆ ಕೂಡಲೇ ಕೈಮುಗಿದರು. "ಇನ್ನು ಈ ಕುರ್ಚಿಯಲ್ಲಿ ಎಲ್ಲರಿಗೂ ಯಾವ ಕೈಯ ಬದಿಗೆ ಅಂತ ಕೈ ಮುಟ್ಟಿಸಿಯೇ ಹೇಳ್ತೇನೆ. ನಳಿಗೆ ಈಗ ಬೇಡ. ಹೀಗೇ ಉಣ್ಣಿ. ನರ ಎದ್ದರೆ ಆರು ತಿಂಗಳಲ್ಲಿ ಏಳ್ತದೆ. ಏಳದಿದ್ರೆ ಆ ಪಟ್ಟಿಗೆ ಸೂಜಿ ಹಾಕಿ ನಡುವಿಗೆ ತರುವ."

ತಿಮ್ಮಕ್ಕ ಗೋಡೆಯಿಂದ ಬೆನ್ನು ತೆಗೆಯಲಿಲ್ಲ. ಅವಳು ಕುರ್ಚಿ ನೋಡಿದಳು, ಕಿಟಕಿ ನೋಡಿದಳು, ಬಿಸಿಲು ಬೀಳುವ ಬದಿ ನೋಡಿದಳು. ಬಸ್ಸಿನಲ್ಲಿ ಒಂದೇ ಒಂದು ಮಾತಾಡಲಿಲ್ಲ. ಅವಳು ಮಾತಾಡದೆ ಕುಮಟೆಯಿಂದ ಹೊಸಕಟ್ಟಿಗೆ ಬಂದದ್ದು ಅದೇ ಮೊದಲು. ಹರಿಹರನಿಗೆ ಅದು ಕೆಮ್ಮಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಧ್ಯಾಹ್ನ ಅವನು ಡಬ್ಬಿ ಹುಡುಕುತ್ತಿದ್ದಾಗ ಒಳಗಿಂದ ಕರೆದಳು. ಮಣೆ ಎಂದಿನ ಜಾಗದಲ್ಲಿ ಇರಲಿಲ್ಲ. ಅದನ್ನು ತಿರುಗಿಸಿ ಮೂಡಕ್ಕೆ ಮುಖ ಬರುವ ಹಾಗೆ ಇಟ್ಟಿದ್ದಳು. ತೆಂಕವೂ ಅಲ್ಲ, ಸತ್ತವರ ದಿಕ್ಕೂ ಅಲ್ಲ. ಹಾಗೆ ಕೂತರೆ ಬಡಗ ಬಾಗಿಲು ಅವನ ಎಡಕ್ಕೆ ಬರುತ್ತಿತ್ತು. ಆ ಬಾಗಿಲಿಗೆ ಅಡ್ಡವಾಗಿ, ಹೊಳೆಯನ್ನೂ ಜಂತ್ರಡಿಯನ್ನೂ ಮರೆ ಮಾಡಿ, ತಿಮ್ಮಕ್ಕ ತನ್ನ ಬಟ್ಟಲನ್ನೂ ಇಟ್ಟುಕೊಂಡು ಕೂತಿದ್ದಳು. ಮೂಲೆಗೆ ಸರಿದಿರಲಿಲ್ಲ.

ಹರಿಹರ ಕೂತ. ಗಂಜಿಯ ತುತ್ತು ಬಾಯಿಗೆ ಹಾಕಿದ, ಗದ್ದ ಬಗ್ಗಿಸಿದ, ಎಡಕ್ಕೆ ತಿರುಗಿದ. ಎಡಕ್ಕೆ ಹೆಂಡತಿಯ ಮುಖ ಇತ್ತು.

"ಮೂಡು ಅಂದವಳು ನಾನು," ಎಂದಳು ತಿಮ್ಮಕ್ಕ. ಗಂಟಲು ನೆಟ್ಟಗಿದ್ದ ಅವಳ ಸ್ವರವೂ ಆಗ ಬರೀ ಗಾಳಿಯಾಗಿತ್ತು. "ಅಷ್ಟು ದಿನ ನಾನೇ ನಿಮ್ಮ ಎದೆಗೆ ಗಂಜಿ ಹೊಯ್ದೆ. ಮ್ಯಾಲಿಂದ ಬೈದೆ."

ಅವನ ಬಾಯಲ್ಲಿ ತುತ್ತಿತ್ತು. ನುಂಗುವಾಗ ಮಾತಾಡಲು ಬರುವುದಿಲ್ಲ, ಬಾಗಿಲು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ಅವನು ಉಸಿರು ಕಟ್ಟಿದ, ನುಂಗಿದ. ಇಬ್ಬರೂ ಕಾದರು. ಕೆಮ್ಮು ಬರಲಿಲ್ಲ.

"ಗೊತ್ತು," ಎಂದ ಹರಿಹರ. "ನೀನೂ ಉಣ್ಣು."

ಅಷ್ಟು ಹೇಳಿ ಮುಂದಿನ ತುತ್ತು ತೆಗೆದು, ಮತ್ತೆ ಅವಳ ಕಡೆ ತಿರುಗಿದ.